ಹತ್ರಿ ಸರ, ಬಿಡ್ತೇನಿ!

ನಾನು ಓಡುತ್ತೇನೆಂದು ಘೋಷಿಸಿದ ದಿನವನ್ನು ಜಮಖಂಡಿಯ ಇತಿಹಾಸದಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡಬೇಕೆಂದು ನಾನೇ ತೀರ್ಮಾನಿಸಿದ್ದೆ. ವಯಸ್ಸು ಐವತ್ತು ದಾಟಿದೆ. ಬೆನ್ನು ಕಚೇರಿಯ ಕುರ್ಚಿಯ ಆಕಾರ ಪಡೆದಿದೆ. ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆಯೇ ಎಲ್ಲ ಕಡೆ ತಲುಪುತ್ತದೆ. ಆದರೇನಂತೆ! ಅಡುಗೆಮನೆಯ ಬಾಗಿಲಲ್ಲಿ ನಿಂತು ಗುಡುಗಿದೆ:

"ಹತ್ತು ಕಿಲೋಮೀಟರ್! ಒಂದ ಉಸಿರಿನ್ಯಾಗ!"

ಹೆಂಡತಿ ಕಾವೇರಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಮೊದಲ ಮಾಳಗಿ ಹತ್ತಿ ಹಗ್ಗದ ಮ್ಯಾಲ ಒಣಗಿದ ಅರಬಿ ತಗೊಂಡ ಬರ್ರಿ. ಎಷ್ಟ ಉಸಿರ ಬೇಕಾದ್ರೂ ತಗೋರಿ."

ಈ ಶೌರ್ಯದ ಹಿಂದೆ ಇದ್ದದ್ದು ಭಯ. ಡಾಕ್ಟರ್ ಮಲ್ಲಿನಾಥ ನನ್ನ ರಕ್ತದ ವರದಿಯನ್ನು ಎರಡೆರಡು ಸಲ ನೋಡಿ ಕನ್ನಡಕ ತೆಗೆದಿಟ್ಟಿದ್ದರು. "ಗಂಗಾರಾಮ ಅವರ, ನಿಮ್ಮನ್ನ ಹಿಂಗ ಬಾಡಗಂಡಿ ಸಕ್ಕರಿ ಫ್ಯಾಕ್ಟರಿ ಕಡೆ ಕಳಿಸಿದ್ರ ಕಬ್ಬಿನ ಜೋಡಿ ತೂಕಕ್ಕ ಹಾಕಿ ನುರಿಸಿಬಿಡ್ತಾರ ನೋಡ್ರಿ. ಇನ್ನ ಗುಳಿಗಿ ಸಾಕಾಗಂಗಿಲ್ಲ. ಇನ್ಸುಲಿನ್ ಸೂಜೀನ."

ಸೂಜಿ! ಕಾವೇರಿ ಅಂಗಿಯ ಗುಂಡಿ ಹಚ್ಚಲು ಕುಳಿತರೂ ಹಿತ್ತಲಿಗೆ ಎದ್ದು ಹೋಗುವವನು ನಾನು. ಡಾಕ್ಟರ ಕೈಕಾಲು ಹಿಡಿದು ಮೂರು ತಿಂಗಳ ಗಡುವು ಪಡೆದೆ. ಓಡಬೇಕು, ಬಾಯಿ ಕಟ್ಟಬೇಕು. ಕಾವೇರಿ ಅದಕ್ಕೊಂದು ಷರತ್ತು ಜೋಡಿಸಿದಳು. "ಚಳಿಗಾಲದಾಗ ನಮ್ಮೂರಾಗ ಓಟ ಇಟ್ಟಾರಲ್ಲ, ಅದನ್ನ ಸ್ವಂತ ಕಾಲ ಮ್ಯಾಲ ಮುಗಸ್ರಿ. ಮುಗಿಸಿದ್ರ ಇನ್ನಷ್ಟ ದಿನ ತಡೀರಿ ಅಂತ ನಾನ ಡಾಕ್ಟರಿಗೆ ಕೈ ಮುಗೀತೇನಿ. ಇಲ್ಲಂದ್ರ ಅವತ್ತ ಸೂಜಿ. ನಾನ ಚುಚ್ಚತೇನಿ."

ಅಂದು ಸಂಜೆಯಿಂದಲೇ ಅವಳು ಖಾಲಿ ಸಿರಿಂಜ್ ಹಿಡಿದು ಮೂಸಂಬಿ ಹಣ್ಣಿನ ಮೇಲೆ ಅಭ್ಯಾಸಕ್ಕಿಳಿದಳು. ಹಣ್ಣಿಗೆ ಚುಚ್ಚಿದಾಗೆಲ್ಲ ನಾನು ನನ್ನ ತೋಳು ಉಜ್ಜಿಕೊಳ್ಳುತ್ತಿದ್ದೆ. ಹಾಗೆ ನೋಡಿದರೆ ನಾನು ತರಬೇತಿ ಶುರುಮಾಡುವ ಮೊದಲೇ ಅವಳದು ಅರ್ಧ ಮುಗಿದಿತ್ತು.

ಕೆಂಪು ಬೂಟು, ಗಿಳಿಹಸಿರು ಬನಿಯನ್ನು ಕೊಂಡು ಬೆಳಗಿನ ಜಾವ ರಸ್ತೆಗಿಳಿದೆ. ಆಗ ಗೊತ್ತಾಯಿತು, ನಮ್ಮೂರಿನಲ್ಲಿ ಓಡುವುದು ಎಷ್ಟು ಕಷ್ಟವೆಂದು! ಕಾಲು ಬಾರದ್ದಕ್ಕಲ್ಲ, ಜನ ಬಿಡದ್ದಕ್ಕೆ. ನಮ್ಮ ಕಡೆ ಗುರುತಿನವರು ನಡೆದು ಹೊರಟಿದ್ದರೇ ಗಾಡಿ ನಿಲ್ಲಿಸದೆ ಹೋಗುವುದು ಘೋರ ಅಪಚಾರ. ಇನ್ನು ಓಡುತ್ತಿದ್ದರೆ? ಪಾಪ, ಏನೋ ಆಗಿಹೋಗಿದೆ!

"ಬಸ್ ತಪ್ಪಿತೇನ್ರಿ ಸರ? ಹತ್ರಿ, ಬಿಡ್ತೇನಿ!"

"ಇಲ್ಲಪಾ, ಸುಮ್ನ ಓಡಾಕತ್ತೇನಿ."

"ಸುಮ್ ಸುಮ್ನ ಯಾರ ಓಡ್ತಾರ್ರಿ? ಸಂಕೋಚ ಮಾಡಬ್ಯಾಡ್ರಿ, ಹತ್ರಿ!"

ಹತ್ತದಿದ್ದರೆ ಮುನಿಸು. ಹತ್ತಿದರೆ ಮನೆಯ ಬಾಗಿಲ ತನಕ ಬಿಟ್ಟು, ಚಹಾ ಕುಡಿದೇ ಹೋಗುತ್ತಾರೆ. ಹಾಲಿನ ಗಾಡಿ, ಸಾಲಿ ಮಾಸ್ತರರ ಸ್ಕೂಟರ್, ಒಮ್ಮೆ ಮೇವಿನ ಟಂಟಂ ರಿಕ್ಷಾ. ನಾನು ಯಾವುದರ ಮೇಲೆ ಮರಳಿ ಬಂದಿಲ್ಲ! ಪಕ್ಕದ ಮನೆಯ ಕಾಂಚನಾ ನಮ್ಮ ಕಟ್ಟೆಯ ಮೇಲೆ ಕುಳಿತು ಕಾವೇರಿಗೆ ಕೇಳಿದಳಂತೆ: "ನಿಮ್ಮನಿಯವ್ರು ಓಡಾಕ ಹೋಗ್ತಾರೋ, ಗಾಡಿ ನೋಡಾಕ ಹೋಗ್ತಾರೋ?"

ಈಗ ಎಲ್ಲೆಲ್ಲೂ ಓಟದ ಸುಗ್ಗಿ. ನೀರು ಉಳಿಸಲು ಓಟ, ಮತ ಹಾಕಿಸಲು ಓಟ, ದುಶ್ಚಟ ಬಿಡಿಸಲು ಓಟ. ದೇಶದ ಯಾವ ಸಮಸ್ಯೆಯಾದರೂ ಸರಿ, ನಸುಕಿನಲ್ಲಿ ಬಣ್ಣದ ಬನಿಯನ್ನು ತೊಟ್ಟು ಓಡಿದರೆ ಬಗೆಹರಿಯುತ್ತದೆಂದು ಎಲ್ಲರಿಗೂ ಅನ್ನಿಸಿದೆ. ಸಮಸ್ಯೆಗಳು ಮಾತ್ರ ನಮಗಿಂತ ಒಳ್ಳೆಯ ಓಟಗಾರರು, ಕೈಗೆ ಸಿಕ್ಕಿಲ್ಲ. ನಮ್ಮೂರಿನ ಓಟ ಯಾತರ ಸಲುವಾಗಿ ಇತ್ತೋ ನಾನು ಕೇಳಲಿಲ್ಲ. ನಾನು ಓಡಿದ್ದು ಸೂಜಿಯ ವಿರುದ್ಧ.

ಆ ದಿನ ಬಂದೇಬಿಟ್ಟಿತು. ಊರಿನಿಂದ ಚಿಕ್ಕಪಡಸಲಗಿ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ, ತಿರುಗಿ ಬರಬೇಕು. ಸೀಟಿ ಊದಿದ್ದೇ ತಡ, ಎಲ್ಲರೂ ಮಾಯ! ಕಾಲೇಜು ಹುಡುಗಿಯರು ಹೋದರು, ನಿವೃತ್ತ ಪೋಸ್ಟ್ ಮಾಸ್ತರರು ಹೋದರು, ಒಂದು ಬೀದಿನಾಯಿಯೂ ಹೋಯಿತು. ಕಟ್ಟಕಡೆಯವರ ಹಿಂದೆ ಬರಬೇಕಿದ್ದ ವ್ಯಾನು ನನ್ನ ಬೆನ್ನು ನೋಡಿ ನೋಡಿ ಬೇಸತ್ತು, ಮುಂದೆ ಹಾಯ್ದು ಹೋಯಿತು. ನಾನು ಬಿಡಲಿಲ್ಲ. ಕಣ್ಣ ಮುಂದೆ ಮೂಸಂಬಿ ಹಣ್ಣು ಕುಣಿಯುತ್ತಿತ್ತು.

ತಿರುವಿನಲ್ಲಿ ಸೋಮವ್ವ ಎಂಬ ಹಿರಿಯ ಹೆಣ್ಣುಮಗಳು ಮೇಜು ಹಾಕಿ ನಿಂತಿದ್ದಳು. ಸಂಘಟಕರು ಅವಳಿಗೆ ಒಪ್ಪಿಸಿದ್ದು ನೀರಿನ ಕ್ಯಾನು. ಅದು ಮೇಜಿನ ಕೆಳಗೆ ಅನಾಥವಾಗಿ ಬಿದ್ದಿತ್ತು. ಮೇಲೆ ಸಾಲಾಗಿ ಕಬ್ಬಿನ ಹಾಲಿನ ಲೋಟಗಳು!

"ನೀರ ಕೊಡಬೇ ಯವ್ವಾ."

"ಬರೇ ನೀರ ಕುಡಿಸಿ ಕಳಿಸಿದ್ರ ಮಂದಿ ನಮಗ ಏನಂದಾರು? ಇದನ್ನ ಕುಡೀರಿ."

"ನನಗ ಸಕ್ಕರಿ ಬ್ಯಾನಿ ಐತಿ ಯವ್ವಾ!"

"ಇದರಾಗ ಒಂದ ಚಮಚ ಸಕ್ಕರಿ ಹಾಕಿದ್ರ ಕೇಳ್ರಿ! ಬರೇ ಕಬ್ಬಿನ ಹಾಲ."

ಈ ತರ್ಕಕ್ಕೆ ತಲೆಬಾಗಿ ಲೋಟ ಎತ್ತಿದೆ. ಒಂದು ಕುಡಿದೆ. "ಒಂದ ಕುಡದ ಹೋಗಬಾರದ್ರಿ" ಎಂದಳು. ಇನ್ನೊಂದು ಕುಡಿದೆ.

ಆಮೇಲೆ ಪವಾಡ! ಕಾಲುಗಳು ತಾವಾಗಿ ಏಳತೊಡಗಿದವು. ಅವು ನನ್ನವೇ ಎಂದು ನಂಬಿಕೆ ಬಾರದೆ ಎರಡು ಸಲ ಬಗ್ಗಿ ನೋಡಿದೆ. ಕೆಂಪು ಬೂಟು ಇದ್ದವು, ನನ್ನವೇ. ದೂರದಲ್ಲಿ ಊರಿನ ಮನೆಗಳು ಕಂಡವು. ಮುಗಿಸುತ್ತೇನೆ! ಗಂಗಾರಾಮ ಮುಗಿಸುತ್ತಾನೆ! ಜೀವನದಲ್ಲಿ ಮೊದಲ ಸಲ ನನ್ನ ಮೇಲೆ ನನಗೆ ಗೌರವ ಹುಟ್ಟಿತು. ಸರಿಯಾಗಿ ಆಗಲೇ ಪಕ್ಕೆಯಲ್ಲಿ ಚಳಕು ಹಿಡಿಯಿತು, ಹಿಂದೆ ಬೈಕಿನ ಸದ್ದಾಯಿತು.

ತುಬಚಿಯ ಜಕ್ಕಪ್ಪ! ಕಾಲುವೆ ನೀರಿನ ಕೆಲಸಕ್ಕೆ ನಮ್ಮ ಕಚೇರಿಗೆ ಬಂದು ಹೋಗುವವನು. ಹಿಂದೆ ಅವನ ತಮ್ಮ ಹಾಲೇಶ.

"ಸರ! ಏನಾತ್ರಿ?"

ರಸ್ತೆಯ ಮೇಲೆ ನನ್ನ ಹೊರತು ಇನ್ನೊಬ್ಬ ಓಟಗಾರನಿಲ್ಲ. ಮಾತಾಡಲು ಬಾಯಿ ತೆರೆದೆ, ಬರೀ ಗಾಳಿ ಬಂತು. ಒಂದು ಕೈ ಪಕ್ಕೆ ಒತ್ತಿ ಹಿಡಿದಿತ್ತು. ಇನ್ನೊಂದನ್ನು ಊರ ಕಡೆ ಚಾಚಿ, ಓಟದ ಕೊನೆ ಅಲ್ಲಿದೆ, ನನ್ನನ್ನು ಬಿಡು ಎಂದು ಸನ್ನೆ ಮಾಡಿದೆ.

ಜಕ್ಕಪ್ಪನ ಕಣ್ಣು ಅಗಲವಾದವು. "ಹಾಲ್ಯಾ, ಇಳೀಲೇ! ಸರಗ ಎದಿ ಹಿಡದೈತಿ! ದವಾಖಾನಿ ಕಡೆ ಕೈ ಮಾಡಾಕತ್ತಾರ!"

"ಬ್ಯಾ... ಬ್ಯಾ..."

"ಮಾತ ನಿಂತಾವ ಪಾಪ! ಎತ್ತಲೇ!"

ಕುರಿ ಎತ್ತಿ ಪಳಗಿದ ಕೈಗಳು. ಕ್ಷಣಮಾತ್ರದಲ್ಲಿ ಮುಂದೆ ಜಕ್ಕಪ್ಪ, ಹಿಂದೆ ಹಾಲೇಶ, ನಡುವೆ ಇಬ್ಬರ ಬಿಗಿತದಲ್ಲಿ ನಾನು. ಬೈಕು ಹಾರಿತು! ಮುಂದಿದ್ದ ವ್ಯಾನನ್ನು ಹಿಂದೆ ಹಾಕಿದೆ, ನಿವೃತ್ತ ಪೋಸ್ಟ್ ಮಾಸ್ತರರನ್ನು ಹಿಂದೆ ಹಾಕಿದೆ. ಮುಕ್ತಾಯದ ಕಮಾನಿನ ಕೆಳಗೇ ಗಾಡಿ ಹಾಯಿತು. ಜನ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ನನಗೆ ಅಳು ಒತ್ತರಿಸಿ ಬಂತು.

"ಅಳಬ್ಯಾಡ್ರಿ ಸರ, ದವಾಖಾನಿ ಬಂದಬಿಡ್ತು!" ಎಂದು ಜಕ್ಕಪ್ಪನೂ ಕಣ್ಣೊರೆಸಿಕೊಂಡ.

ಡಾಕ್ಟರ್ ಮಲ್ಲಿನಾಥರು ಎದೆಗೆ ತಂತಿ ಹಚ್ಚಿ ನೋಡಿದರು. ಎದೆ ಗಟ್ಟಿಯಾಗಿತ್ತು. ನನಗೆ ಮಾತು ಮರಳಿತು.

"ನಾ ಓಟದಾಗ ಇದ್ನೋ ಮಾರಾಯಾ!"

ಜಕ್ಕಪ್ಪ ನಾಲಿಗೆ ಕಚ್ಚಿಕೊಂಡ. "ಮೊದಲ ಹೇಳಬಾರದ್ರಿ ಸರ? ಏನ್ ಚಿಂತಿಲ್ಲ ಬಿಡ್ರಿ, ಎಲ್ಲಿಂದ ಎತ್ತೇನಿ ಅಲ್ಲೇ ಮತ್ತ ಒಯ್ದ ಇಳಸ್ತೇನಿ. ಹತ್ರಿ!"

ನಾನು ಹತ್ತಲು ಎದ್ದೂ ಬಿಟ್ಟಿದ್ದೆ! ಅಷ್ಟರಲ್ಲಿ ನರ್ಸು ನನ್ನ ಲಕ್ಷ್ಯ ತಪ್ಪಿಸಿ ಬೆರಳಿನ ರಕ್ತ ತೆಗೆದು ಯಂತ್ರಕ್ಕೆ ಹಾಕಿದ್ದಳು. ಡಾಕ್ಟರು ಯಂತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಯಂತ್ರ ನೋಡಿದರು.

"ಏನ್ ಕುಡದ್ರಿ?"

"ಸಕ್ಕರಿ ಹಾಕಿರಲಿಲ್ರಿ..." ಎಂದೆ. ಅವರು ನೇರವಾಗಿ ನರ್ಸಿಗೆ ಇನ್ಸುಲಿನ್ ತರಲು ಹೇಳಿದರು.

ಆಗ ಬಾಗಿಲಲ್ಲಿ ಕಾವೇರಿ. ಸೀರೆಯ ಸೆರಗು ಸೊಂಟಕ್ಕೆ ಬಿಗಿದಿದೆ. ಮುಖವೆಲ್ಲ ಬೆವರು. ಕೈಯಲ್ಲಿ ಹರಿದ ಚಪ್ಪಲಿ. ಕೊರಳಲ್ಲಿ ನೀಲಿ ಪಟ್ಟಿಯ, ಅಂಗೈಯಗಲದ ಮೆಡಲ್!

"ಏನಿದು?"

"ನಿಮ್ಮ ಮ್ಯಾಲ ನಂಬಿಕಿ ಇರಲಿಲ್ಲ. ಯಾರದರ ಗಾಡಿ ಹತ್ತೀರಿ ಅಂತ ಮೊದಲಿಂದ ಹಿಂದಿಂದನ ನಡಕೋತ ಬಂದೆ, ನೀವ ತಿರುಗಿ ಬರೂಮುಂದ ಕಬ್ಬಿನ ಹೊಲದಾಗ ಅಡಗಿ ನಿಂತೆ. ನಡುವ ಚಪ್ಪಲಿ ಹರೀತು, ಅದನ್ನ ನೋಡೂದ್ರಾಗ ನೀವ ಕಾಣಲಿಲ್ಲ. ಎಲ್ಲೆರ ಬಿದ್ದೀರೇನೋ ಅಂತ ಎದಿ ಧಸಕ್ ಅಂತು. ಬರಿಗಾಲಲೆ ಓಡಿದೆ. ಆ ಕಮಾನದ ಕೆಳಗ ನಿಂತ 'ನಮ್ಮನಿಯವ್ರು ಎಲ್ಲದಾರ್ರಿ' ಅಂತ ಕೇಳಿದ್ರ, ಅವರು ಇದನ್ನ ಕೊಳ್ಳಾಗ ಹಾಕಿ ಫೋಟೋ ತಗದ ಮ್ಯಾಲನ ನಿಮ್ಮನ್ನ ದವಾಖಾನಿಗೆ ಒಯ್ದದ್ದ ಹೇಳಿದ್ರು."

ನನ್ನ ಓಟ ಅವಳ ನಡಿಗೆಯಷ್ಟಿತ್ತು ಎಂಬ ಸತ್ಯ ಡಾಕ್ಟರು, ನರ್ಸು, ಜಕ್ಕಪ್ಪ, ಹಾಲೇಶ ಎಲ್ಲರೆದುರು ಬಯಲಾಯಿತು. ಆದರೂ ಕೊನೆಯ ಪ್ರಯತ್ನ ಮಾಡಿದೆ.

"ಕಾವೇರಿ, ಸ್ವಲ್ಪ ಉಳಿದಿತ್ತು ಅಷ್ಟ. ನಾ ಮುಗಸ್ತಿದ್ದೆ. ಖರೇನ ಮುಗಸ್ತಿದ್ದೆ!"

ಅವಳು ನನ್ನನ್ನೇ ನೋಡಿದಳು. ದನಿ ಮೆತ್ತಗಾಯಿತು. "ಹೌದ್ರಿ, ಮುಗಸ್ತಿದ್ರಿ. ಅದೇನ್ ಅಷ್ಟ ದೂರ ಇರಲಿಲ್ಲ ಬಿಡ್ರಿ."

ಡಾಕ್ಟರು ಸಿರಿಂಜ್ ತುಂಬಿ ಅವಳ ಕೈಗಿತ್ತರು. ನಾನು ಬನಿಯನ್ನು ಸರಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿದೆ. ಮರುಕ್ಷಣವೇ ಇಡೀ ದವಾಖಾನೆ ಕೇಳುವಂತೆ ಕಿರುಚಿದೆ.

"ಅಷ್ಟ ನೋವಾತೇನ್ರಿ ಸೂಜಿ?" ಡಾಕ್ಟರು ಗಾಬರಿಯಾದರು.

ಸೂಜಿ ಇನ್ನೂ ಚುಚ್ಚಿಯೇ ಇರಲಿಲ್ಲ. ಕಾವೇರಿ ಬಗ್ಗಿದಾಗ ಜೋಲಾಡಿದ ಮೆಡಲ್ ನೇರ ಬಂದು ನನ್ನ ಮೂಗಿಗೆ ಬಡಿದಿತ್ತು.