ಆಯಿಲ್ ಸೋರುವ ಜೀಪಿಗೆ ದಿನಾ ಕುಂಕುಮ

ಸೋರುವುದನ್ನು ನಿಲ್ಲಿಸುವುದಕ್ಕಿಂತ ಎಲ್ಲಿಂದ ಸೋರುತ್ತದೆ ಅಂತ ಹೇಳುವುದು ಜನಕ್ಕೆ ಬಹಳ ಇಷ್ಟ. ಸೂರು ಸೋರಲಿ, ಬಿಂದಿಗೆ ಸೋರಲಿ, ಒಬ್ಬ ಬಂದು ಬೆರಳು ತೋರಿಸಿ ‘ಇಲ್ಲಿಂದ’ ಅಂತಾನೆ, ಕಾಫಿ ಕುಡಿದು ಹೋಗ್ತಾನೆ. ಇನ್ನೊಬ್ಬ ಬಂದು ‘ಅಲ್ಲಿಂದ’ ಅಂತಾನೆ, ಅವನಿಗೂ ಕಾಫಿ. ನಮ್ಮ ಹಳೇ ಜೀಪಿನ ಇಂಜಿನ್ನಿನಿಂದ ಆಯಿಲ್ ಸೋರಲು ಶುರುವಾದ ಮೇಲೆ ಜೀಪು ಕುಡಿದ ಆಯಿಲ್ಲಿಗಿಂತ ಅದನ್ನು ನೋಡಲು ಬಂದವರು ಕುಡಿದ ಕಾಫಿಯೇ ಹೆಚ್ಚು. ಅವರನ್ನು ಬೈದು ಏನು ಫಲ? ಆ ಜೀಪಿಗೆ ಅವರೆಲ್ಲ ಸೇರಿ ಮಾಡದ ಕೆಡುಕನ್ನು ನಾನೊಬ್ಬಳೇ ಮಾಡಿದ್ದೆ.

ನಮ್ಮದು ಬೆಟ್ಟದಪುರದ ಕಡೆ, ಹೊಗೆಸೊಪ್ಪಿನ ಸೀಮೆ. ಜೀಪು ನಮ್ಮ ಯಜಮಾನರು ತಂದದ್ದು. ಅವರು ಹೋದರು, ಜೀಪು ಉಳಿಯಿತು. ಇಬ್ಬರಲ್ಲಿ ಕಮ್ಮಿ ಸದ್ದು ಮಾಡುತ್ತಿದ್ದದ್ದು ಜೀಪೇ. ಈಗ ಅದಕ್ಕೆ ಇರುವ ಕೆಲಸ ಒಂದೇ, ಸೊಪ್ಪು ಮುರಿಯುವ ಹೆಣ್ಣಾಳುಗಳನ್ನು ಪಕ್ಕದೂರಿಂದ ಕರೆತರುವುದು. ಈ ಕಾಲದಲ್ಲಿ ಆಳು ನಡೆದು ಬರುವುದಿಲ್ಲ. ಅವರ ಊರ ಬಾಗಿಲಿಗೆ ಗಾಡಿ ಕಳಿಸಬೇಕು, ಗಾಡಿ ಚೆನ್ನಾಗಿರಬೇಕು, ಗಾಡಿಯಲ್ಲಿ ಹಾಡೂ ಬರಬೇಕು. ನಾನು ಮದುವೆಯಾಗಿ ಬಂದಾಗ ನನಗೇ ಯಾರೂ ಗಾಡಿ ಕಳಿಸಿರಲಿಲ್ಲ, ಬಾಸಿಂಗ ಕಟ್ಟಿಕೊಂಡು ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಆ ಹೆಂಗಸರಿಗೆ ಮುಂದಾಳು ಸಿದ್ದಮ್ಮ. ಅವಳು ಹತ್ತಿದ ಗಾಡಿಯನ್ನು ಎಲ್ಲರೂ ಹತ್ತುತ್ತಾರೆ. ನಮ್ಮ ದಾಯಾದಿ ನಂಜಪ್ಪ ಹೊಸ ಗಾಡಿ ತಂದುಕೊಂಡು, ನಮ್ಮ ಜೀಪು ಎಂದು ನಿಂತೀತು ಅಂತ ಹಿಂದೆ ಹಿಂದೆಯೇ ಸುತ್ತುತ್ತಿದ್ದ. ಬಲಿತ ಸೊಪ್ಪು ಗಿಡದಲ್ಲಿ ಕಾಯುತ್ತಾ ಕೂರುವುದಿಲ್ಲ. ಸಿದ್ದಮ್ಮ ಅವನ ಗಾಡಿ ಹತ್ತಿದಳೋ, ಸೊಪ್ಪು ಹದ ಮಾಡುವ ಅವನ ಬ್ಯಾರನ್ನಿನಲ್ಲಿ ಹೊಗೆ, ನಮ್ಮ ಬ್ಯಾರನ್ನಿನಲ್ಲಿ ಇಲಿ.

ಸೋರುವ ಸುದ್ದಿ ಮೊದಲು ತಿಳಿದದ್ದು ನನಗೆ. ಬೆಳಗ್ಗೆ ಅಂಗಳಕ್ಕೆ ಸಗಣಿ ಸಾರಿಸಿ ಬಿಟ್ಟರೆ ಮಾರನೇ ದಿನ ಅದರ ಮೇಲೆ ದೋಸೆಯಗಲ ಕಪ್ಪು. ಮಗ ಮಾದೇವನಿಗೆ ತೋರಿಸಿದೆ. ಅವನು ಇಂಜಿನ್ ನೋಡುವುದು ಬಿಟ್ಟು ಮೊಬೈಲು ನೋಡಿದ. ‘ಮೇಲಿನ ಪ್ಯಾಕಿಂಗ್ ಹೋಗದೆ ಕಣವ್ವ, ಇಲ್ಲೇ ತೋರುಸ್ತಾವ್ನೆ ನೋಡು’ ಅಂದ. ಮೊಬೈಲಿನಲ್ಲಿ ಇನ್ಯಾವುದೋ ದೇಶದವನು ಇನ್ಯಾವುದೋ ಗಾಡಿ ಬಿಚ್ಚುತ್ತಿದ್ದ. ಸರಿ, ಹುಣಸೂರಿಗೆ ಹೋಗಿ ಮೇಲಿನ ಪ್ಯಾಕಿಂಗ್ ಹಾಕಿಸಿ ಬಂದ. ಕೆಳಗಿನಿಂದ ಸೋರಿತು. ಕೆಳಗಿನ ಚೇಂಬರಿಗೂ ಪ್ಯಾಕಿಂಗ್ ಹಾಕಿಸಿದ. ಹಿಂದಿನಿಂದ ಸೋರಿತು. ಹಿಂದೆ ಸೀಲು ಹಾಕಿಸಿದರೆ ಮುಂದೆ. ಒಂದು ಕಡೆ ಬಾಯಿ ಮುಚ್ಚಿಸಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು, ಒಟ್ಟು ಮನೆಯ ವಾರಗಿತ್ತಿಯರ ಹಾಗೆ.

ಮನುಷ್ಯರ ಕೈಲಿ ಆಗದಿದ್ದಾಗ ನಾನು ಕೈ ಹಾಕಿದೆ. ಬಾನೆಟ್ಟಿನೊಳಗೆ, ಇಂಜಿನ್ನಿನ ಮಗ್ಗುಲಿನ ಒಂದು ಪೈಪಿನ ತಲೆಯ ಮೇಲೆ, ಹೋದ ವರ್ಷದ ಆಯುಧಪೂಜೆಯಿಂದ ಒಂದು ಕೆಂಪು ಬಟ್ಟೆಯ ಗಂಟಿತ್ತು. ಆವತ್ತು ಜೀಪಿಗೆಲ್ಲ ಇಡುವಾಗ ಅದಕ್ಕೂ ನಾನೇ ವಿಭೂತಿ, ಕುಂಕುಮ ಇಟ್ಟಿದ್ದೆ. ಯಾರ ಹರಕೆಯೋ, ಯಾರು ಕಟ್ಟಿದರೋ, ನಾನು ಕೇಳಲಿಲ್ಲ. ನನಗೆ ಅಂಥಾ ಭಕ್ತಿಯೇನಿಲ್ಲ. ಕುಂಕುಮ ಇಟ್ಟ ಜಾಗ ಕಂಡರೆ ಇನ್ನೊಂದು ಚಿಟಿಕೆ ಇಡುವುದು ಕೈಯ ಅಭ್ಯಾಸ, ದಾರೀಲಿ ಸಿಕ್ಕಿದವರನ್ನು ಊಟ ಆಯ್ತಾ ಅಂದ ಹಾಗೆ. ಮೊದಲು ಸೋಮವಾರ ಸೋಮವಾರ ಇಡುತ್ತಿದ್ದೆ. ಸೋರುವುದು ಜಾಸ್ತಿಯಾದಂತೆ ಶುಕ್ರವಾರವೂ ಇಟ್ಟೆ. ಆಮೇಲೆ ದಿನಾ ವಿಭೂತಿ ಕಲಸಿ ಮೆತ್ತಿ, ಮೇಲೆ ಕುಂಕುಮ ಒತ್ತಿದೆ. ಪೂಜೆ ಹೆಚ್ಚಿದಷ್ಟೂ ಆಯಿಲ್ ಹೆಚ್ಚು ಸುರಿಯಿತು. ದೇವರು ಪರೀಕ್ಷೆ ಮಾಡುತ್ತಾನೆ ಅಂದುಕೊಂಡು ಇನ್ನೂ ಒಂದು ಪದರ ಮೆತ್ತಿದೆ.

ಒಂದು ದಿನ ಆಳು ತರುವಾಗ ದಾರಿಯಲ್ಲೇ ಜೀಪು ನಿಲ್ಲಿಸಿ ಮಾದೇವ ಆಯಿಲ್ ಹುಯ್ಯುತ್ತಿದ್ದ. ಸಿದ್ದಮ್ಮ ಬಗ್ಗಿ ನೋಡಿ, ದಿನದ ಹಾಗೆ ಗಂಟಿಗೆ ಕೈ ಮುಗಿದಳಂತೆ. ಹೊಲಕ್ಕೆ ಬಂದವಳೇ ನನ್ನನ್ನು ಹಿಡಿದುಕೊಂಡಳು.

‘ಅವ್ವಾರೆ, ಒಳಗೆ ದೇವ್ರು ಕುಂತವ್ನೆ ಅಂತ ಇಷ್ಟು ದಿನ ತಡಕಂಡಿವ್ನಿ ಅಂತ ತಿಳ್ಕಳಿ. ಸೀರೆಲ್ಲಾ ಆಯಿಲ್ ನಾತ. ನನ್ ಗಂಡ ನೆನ್ನೆ, ನೀನು ಸೊಪ್ಪು ಮುರಿಯಕ್ ಓಗಿದ್ದಾ, ಗ್ಯಾರೇಜಿಗ್ ಓಗಿದ್ದಾ ಅಂತ ಕೇಳ್ದ.’

‘ಇನ್ನೊಂದು ದಿನ ತಡಿ ಸಿದ್ದಮ್ಮ, ಮಾಡುಸ್ತೀನಿ.’

‘ಒಂದೇ ದಿನ ಕಣ್ರವ್ವ. ಆಮೇಕೆ ನಂಜಪ್ಪಾರ ಗಾಡಿ ಅತ್ತೀವಿ. ಅದ್ರಲ್ಲಿ ಆಡೂ ಬತ್ತದೆ.’

ಮಾರನೇ ದಿನ ಆಳಿಗೆ ರಜ ಹೇಳಿ, ಮಾದೇವನ ಜೊತೆ ನಾನೇ ಹುಣಸೂರಿಗೆ ಹೋದೆ. ಗ್ಯಾರೇಜಿನ ಸಾಬ್ರು ನಮ್ಮ ಯಜಮಾನರ ಕಾಲದವರು, ಇಷ್ಟು ದಿನ ಪ್ಯಾಕಿಂಗ್, ಸೀಲು ಹಾಕಿದ್ದೂ ಅವರೇ. ಹಳೇ ಟೈರಿನ ಮೇಲೆ ನನ್ನನ್ನು ಕೂರಿಸಿ, ಇಂಜಿನ್ ಓಡಲು ಬಿಟ್ಟು, ಆಯಿಲ್ ಹುಯ್ಯುವ ಬಾಯಿಯ ಮುಚ್ಚಳ ತೆಗೆದರು. ಒಳಗಿಂದ ಬುಸ್ ಬುಸ್ ಅಂತ ಹೊಗೆ ನುಗ್ಗಿತು. ‘ಇಂಜಿನ್ನೇ ಸವೆದೋಗದೆ. ಪೂರ್ತಿ ಬಿಚ್ಬೇಕು, ಹದಿನೈದು ದಿನ ಬಿಡಿ’ ಅಂದರು. ಹದಿನೈದು ದಿನದಲ್ಲಿ ಸಿದ್ದಮ್ಮ ನಂಜಪ್ಪನ ಮನೆಯ ಸೊಸೆಯೇ ಆಗಿರುತ್ತಾಳೆ.

‘ಸಾಬ್ರೆ, ನಮ್ಮನೆ ಕುಕ್ಕರು ಹಿಂಗೇ ಬುಸುಗುಡ್ತದೆ. ಸೀಟಿ ತೂತಿಗೆ ಬೇಳೆ ಕಟ್ಕಂಡ್ರೆ ರಬ್ಬರಿನ ಸಂದೀಲಿ ಉಕ್ತದೆ. ರಬ್ಬರು ಬದಲಾಯಿಸಿದ್ರೆ ನಿಲ್ಲಕಿಲ್ಲ. ನಿಮ್ಮ ಇಂಜಿನ್ನಿಗೆ ಸೀಟಿ ಇಲ್ವಾ?’ ಅಂದೆ.

ಸಾಬ್ರು ತಲೆ ಕೆರೆದುಕೊಂಡರು. ‘ಅದೆ ಅಮ್ಮಾ. ಬ್ರೀದರ್ ಪೈಪು ಅಂತ. ಇಂಜಿನ್ನು ಉಸಿರು ಬಿಡೋ ದಾರಿ. ನೀವು ದೇವ್ರು ಕಟ್ಟಿದ್ದೀರಲ್ಲಾ, ಅದೇ.’

‘ಮತ್ತೆ ಇಷ್ಟು ದಿನ ಬಾಯಲ್ಲಿ ಏನಿಟ್ಕಂಡಿದ್ರಿ?’

‘ಮೇಲೆ ಸುತ್ತಿದ್ದೀರ ಅನ್ಕಂಡೆ, ಒಳಕ್ಕೆ ತುರುಕಿದ್ದೀರ ಅಂತ ನಂಗೇನ್ ಗೊತ್ತು? ನಿಮ್ ದೇವ್ರ ಗಂಟು ನಾನು ಬಿಚ್ಚಿ, ನಾಳೆ ಜೀಪು ಅಳ್ಳಕ್ಕೆ ಬಿದ್ರೆ, ಊರೋರು ನನ್ನ ಬುಟ್ಟಾರಾ? ನೀವೇ ಕಿತ್ಕಳಿ ತಾಯಿ.’

ಮಾದೇವನೂ ಕೈ ಹಿಂದಕ್ಕೆ ಕಟ್ಟಿ ನಿಂತ. ನಾನೇ ಎದ್ದು ಹಿಡಿದು ಎಳೆದೆ. ವಿಭೂತಿ, ಕುಂಕುಮ, ಆಯಿಲ್ ಸೇರಿ ಗಾರೆಯಾಗಿತ್ತು. ಸ್ಕ್ರೂಡ್ರೈವರಿನಲ್ಲಿ ಮೀಟಿದ ಮೇಲೆ ಬಿರಡೆ ಕಿತ್ತ ಹಾಗೆ ಬಂತು, ಹಿಂದೆಯೇ ಇಂಜಿನ್ನು ತೇಗಿತು. ಬಟ್ಟೆ ಬಿಡಿಸಿ ನೋಡಿದರೆ ಅಂಚಿನ ಹೊಲಿಗೆ ನನ್ನ ಕೈಯದೇ. ನನ್ನ ಹಳೇ ಲಂಗದ ತುಂಡು.

‘ಆಯುಧಪೂಜೆಗೆ ಜೀಪು ತೊಳಿವಾಗ ಪೈಪಿಗೆ ನೀರು ಓಗಬಾರ್ದು ಅಂತ ತುರುಕಿದ್ದೆ ಕಣವ್ವ. ಬರೋದ್ರೊಳಗೆ ನೀನು ಕುಂಕುಮ ಇಟ್ಬುಟ್ಟಿದ್ದೆ. ಪೂಜೆ ಆದದ್ದು ಕೀಳೋದು ಎಂಗೆ ಅಂತ ಸುಮ್ಕಾದೆ’ ಅಂದ ಮಾದೇವ.

ಇಷ್ಟು ದಿನ ನನ್ನ ಲಂಗಕ್ಕೆ ನಾನೇ ಮಡಿಯುಟ್ಟು ಪೂಜೆ ಮಾಡಿದ್ದೆ. ಸಾಬ್ರು ಅತ್ತ ತಿರುಗಿ ನಕ್ಕರು, ಮರ್ಯಾದಸ್ಥರು. ಪೈಪು ತೊಳೆದು, ಕಿತ್ತುಹೋಗಿದ್ದ ಮುಂದಿನ ಸೀಲೊಂದು ಹಾಕಿ ಸಂಜೆಗೆ ಕಳಿಸಿಕೊಟ್ಟರು. ಬೆಳಗ್ಗೆ ಎದ್ದು ಅಂಗಳ ನೋಡಿದರೆ ಸಗಣಿ ಸಗಣಿಯ ಬಣ್ಣದಲ್ಲೇ ಇತ್ತು.

ಸಿದ್ದಮ್ಮನ ಎದುರು ಮೀಸೆ ತಿರುವೋಣ ಅಂತ ಆವತ್ತು ನಾನೂ ಜೀಪಿನಲ್ಲಿ ಹೋದೆ. ಸಿದ್ದಮ್ಮ ಜೀಪಿನ ಕೆಳಗೆ ಬಗ್ಗಿದಳು, ಮೂಸಿದಳು. ‘ಬಾನೆಟ್ ಎತ್ತಪ್ಪ ಮಾದೇವಪ್ಪ, ಕೈ ಮುಗುದು ಅತ್ತುವ’ ಅಂದಳು. ಎತ್ತಿದ. ಅವಳ ಮುಖ ಇಳಿಯಿತು.

‘ದೇವ್ರೆಲ್ಲಿ?’

‘ರಿಪೇರಿ ಆಗದೆ ಸಿದ್ದಮ್ಮ, ಒಂದು ತೊಟ್ಟು ಸೋರಕಿಲ್ಲ.’

‘ಸೋರ್ಲಿ ಬುಡಿ ಅವ್ವಾರೆ, ದೇವ್ರಿದ್ದ. ದೇವ್ರಿಲ್ದ ಗಾಡಿ ಬೆಟ್ಟದ ತಿರುವಲ್ಲಿ ಮಗುಚಿದ್ರೆ? ಇಳಿರಮ್ಮೋ ಎಲ್ಲಾ.’

ಹತ್ತಿದ್ದ ಹೆಂಗಸರು ಕುಕ್ಕೆ ಸಮೇತ ಇಳಿದರು. ಹಿಂದೆ ನಂಜಪ್ಪನ ಗಾಡಿಯ ಹಾಡು ಕೇಳಿಸಿತು. ನಿಜ ಹೇಳುವುದಾದರೆ ಲಂಗದ ಸಂಗತಿ ಹೇಳಬೇಕು. ಹೇಳಿದರೆ ಊರೂರು ನಗುತ್ತದೆ, ಸೊಪ್ಪು ಗಿಡದಲ್ಲೇ ಹಣ್ಣಾಗುತ್ತದೆ. ‘ಹಳೇದು ಜೀರ್ಣ ಆಗಿತ್ತು ಕಣವ್ವ, ಹೊಳೆಗೆ ಬಿಟ್ಟೋ. ಹೊಸದು ಇಲ್ಲೇ ಕಟ್ಟಾನ ಅಂತ ನಾನೇ ಬಂದೆ’ ಅಂದು, ಉಟ್ಟಿದ್ದ ಸೀರೆಯ ಸೆರಗಿನ ತುದಿ ಚರ್ರನೆ ಹರಿದು, ಪೈಪಿಗೆ ದೂರವಾಗಿ ಬಾನೆಟ್ಟಿನ ಕೊಂಡಿಗೆ ಗಂಟು ಹಾಕಿದೆ. ಸಿದ್ದಮ್ಮ ತನ್ನ ಹಣೆಯ ಕುಂಕುಮವನ್ನೇ ಬೆರಳಲ್ಲಿ ಚೂರು ತೆಗೆದು ಅದಕ್ಕಿಟ್ಟಳು. ಎಲ್ಲರೂ ಹತ್ತಿದರು. ನಂಜಪ್ಪ ಹಾಡು ಹಾಕಿಕೊಂಡು ಒಬ್ಬನೇ ಹೋದ.

ಆ ಸೊಪ್ಪೆಲ್ಲ ಈಗ ನಮ್ಮ ಬ್ಯಾರನ್ನಿನಲ್ಲಿದೆ. ಮುರಿಯುವುದು ಗಿಡದಲ್ಲಿ ಇನ್ನೂ ಇದೆ. ಮೊನ್ನೆ ಮುಂಜಾನೆ ಮಾದೇವ ನೀರು ನೋಡಲು ಬಾನೆಟ್ ಎತ್ತಿದ್ದ. ನಾನು ಕುಂಕುಮದ ಬಟ್ಟಲು ಹಿಡಿದು ಬಂದವಳು ಗಂಟಿಗೆ ಇಟ್ಟು, ಕೈ ಮುಗಿದುಬಿಟ್ಟಿದ್ದೆ.

‘ಏನವ್ವಾ, ನಿನ್ ಸೆರಗಿಗೆ ನೀನೇ ಕೈ ಮುಗಿತಿದ್ದೀಯಲ್ಲ?’ ಅಂದ.

‘ಸೊಪ್ಪು ಮುಗಿಯೋಗಂಟ ಅದು ಸೆರಗಲ್ಲ ಕಣ್ಲಾ, ಬಾಯ್ ಮುಚ್ಕಂಡು ಗಾಡಿ ತೆಗಿ’ ಅಂದೆ.