ಮೋನಪ್ಪನನ್ನು ಇಳಿಸಿದ್ದು

ವಿಮಾನ ಹತ್ತದವನು ವಿಮಾನದ ಕಾದಂಬರಿ ಬರೆಯಬಾರದೆಂದು ಯಾವ ಕಾನೂನೂ ಇಲ್ಲ. ಸ್ವರ್ಗದ ಬಗ್ಗೆ ಬರೆದವರೆಲ್ಲ ಹೋಗಿ ನೋಡಿ ಬಂದು ಬರೆದರೇ? ಈ ಸಮಾಧಾನದಲ್ಲೇ ನಾನು, ಪುತ್ತೂರಿನ ಹೈಸ್ಕೂಲೊಂದರ ಡ್ರಾಯಿಂಗ್ ಮೇಷ್ಟ್ರು, ಎಪ್ಪತ್ತರ ದಶಕದ ಕೊನೆಗೆ ಒಂದು ಸಾಹಸ ಕಾದಂಬರಿ ಬರೆದೆ. ಎಂಬತ್ತರ ದಶಕದ ಆರಂಭವೂ ಇರಬಹುದು. ನನ್ನ ನೆನಪು ಎಲ್ಲವನ್ನೂ ತನಗೆ ಅನುಕೂಲವಾಗುವ ಹಾಗೆ ಜೋಡಿಸಿಡುತ್ತದೆ, ಅದನ್ನು ಪೂರ್ತಿ ನಂಬಬೇಡಿ. ಕಥೆ ಮೊದಲ ಮಹಾಯುದ್ಧದ ಕಾಲದ್ದು. ಮರದ ಚೌಕಟ್ಟಿಗೆ ಬಟ್ಟೆ ಹೊದೆಸಿದ ಎರಡಂತಸ್ತಿನ ರೆಕ್ಕೆ, ಕೈಯಲ್ಲಿ ತಿರುಗಿಸಿ ಚಾಲೂ ಮಾಡುವ ಪ್ರೊಪೆಲ್ಲರ್, ಹಾರಿಸುವವನು ಮಂಡೆಕೋಲಿನ ಮೋನಪ್ಪ. ಹಳೆಯ ಇಂಗ್ಲಿಷ್ ಪತ್ರಿಕೆಗಳ ಚಿತ್ರ ನೋಡಿ ವಿಮಾನ ಕಟ್ಟಿದೆ. ಹಾರುವ ಅನುಭವಕ್ಕೆ ಮಾತ್ರ ಸುಳ್ಯಕ್ಕೆ ಹೋಗುವ ಖಾಸಗಿ ಬಸ್ಸಿನ ಕೊನೆಯ ಸೀಟನ್ನು ನಂಬಿದೆ.

ಆಗ ನನಗೆ ಹೊಸತನದ ಹುಚ್ಚು. ಅಚ್ಚುಕಟ್ಟಾಗಿ ಮುಗಿಯುವ ಕಥೆಯೆಲ್ಲ ಸುಳ್ಳು ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಹಾಗಾಗಿ ಕೊನೆಯ ಪುಟದಲ್ಲಿ, ಮರುಭೂಮಿಯ ಮೇಲೆ, ಪೆಟ್ರೋಲ್ ಮುಗಿದು ಇಂಜಿನ್ ನಿಲ್ಲುತ್ತದೆ. ನನ್ನ ವಾಕ್ಯವೂ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಎರಡು ಖಾಲಿ ಪುಟ. ಹಸ್ತಪ್ರತಿ ನೋಡಿದ ಪ್ರಕಾಶಕರೊಬ್ಬರು "ಉಳಿದ ಹಾಳೆಗಳು ತಲುಪಿಲ್ಲ" ಎಂದು ಕಾರ್ಡು ಬರೆದರು. ಅವರ ಹಂಗೇ ಬೇಡವೆಂದು ದರ್ಬೆಯ ಪ್ರೆಸ್ಸಿನಲ್ಲಿ ನಾನೇ ಅಚ್ಚು ಹಾಕಿಸಿದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಐತಪ್ಪ ಕೊನೆಯ ಪುಟಕ್ಕೆ ಬಂದು ಕೈ ನಿಲ್ಲಿಸಿದ.

"ಮೇಷ್ಟ್ರೇ, ಈ ಜನ ಸತ್ತದ್ದೋ, ಬದುಕಿದ್ದೋ?"

"ಅದನ್ನು ಓದುವವರಿಗೆ ಬಿಟ್ಟಿದ್ದೇನೆ."

"ಓದುವವರಿಗೆ ಬಿಡುದಾದ್ರೆ ನೀವು ಎಂತಕ್ಕೆ ಬರಿಯುದು ಮಾರಾಯ್ರೆ?"

ಆ ಅರ್ಧ ವಾಕ್ಯವೇ ಕಾದಂಬರಿಯ ಜೀವ, ಅದನ್ನು ಮುಗಿಸುವ ದಿನ ಪೆನ್ನು ಕೆಳಗಿಡುತ್ತೇನೆ ಎಂದು ಅವನೆದುರೇ ಶಪಥ ಮಾಡಿದೆ. ಪುಸ್ತಕಗಳು ಮನೆಗೆ ಬಂದು ಮಂಚದಡಿ ಕೂತವು. ಕೂತೇ ಇದ್ದವು. "ನಿಮ್ಮ ವಿಮಾನ ಏಳುವ ಹಾಗೆ ಕಾಣುದಿಲ್ಲ, ನನಗೆ ಅಡಿ ಗುಡಿಸ್ಲಿಕ್ಕೂ ಆಗುದಿಲ್ಲ" ಎಂದಳು ಹೆಂಡತಿ ಸರಸು. ಕೊನೆಗೆ ಮೋನಪ್ಪನ ಊರಾದ ಮಂಡೆಕೋಲಿನ ಶಾಲೆಯಲ್ಲೇ ಬಿಡುಗಡೆ ಇಟ್ಟುಕೊಂಡೆ. ಮುಖ್ಯ ಅತಿಥಿ ಕಡಬದ ಜವಳಿ ವ್ಯಾಪಾರಿ ವಾಸಪ್ಪ ರೈಗಳು. ಅವರು ಹೆಸರಾಂತ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕೂತಲ್ಲೇ ಪಾತ್ರವಾಗಿ, ಬರೀ ಮಾತಿನಲ್ಲಿ ಎದುರಿನವರನ್ನು ಕೆಡವುವವರು.

ಆಮಂತ್ರಣ ಪತ್ರಿಕೆಯಲ್ಲಿ ಎಡವಟ್ಟಾಯಿತು. ತಾಳಮದ್ದಳೆಯ ಪತ್ರಿಕೆಯ ಅಚ್ಚು ಪ್ರೆಸ್ಸಿನಲ್ಲಿ ಯಾವಾಗಲೂ ಕಟ್ಟಿಯೇ ಇರುತ್ತಿತ್ತು. ಐತಪ್ಪ ಹೆಸರುಗಳನ್ನಷ್ಟೇ ಬದಲಿಸಿದ್ದ. 'ಪ್ರಸಂಗ' ಎಂದಿದ್ದಲ್ಲಿ ನನ್ನ ಕಾದಂಬರಿ, 'ಅರ್ಥಧಾರಿಗಳು' ಎಂದಿದ್ದಲ್ಲಿ ರೈಗಳ ಹೆಸರು, ಅದರ ಕೆಳಗೆ ನನ್ನದು! ನಾನು ಕಾಣುವಷ್ಟರಲ್ಲಿ ಪತ್ರಿಕೆ ಊರೆಲ್ಲ ಹಂಚಿಯಾಗಿತ್ತು.

ಆ ಭಾನುವಾರ ಮಧ್ಯಾಹ್ನ ಶಾಲೆಯ ಕಿಟಕಿಗಳಲ್ಲೂ ಜನ. ರೈಗಳು ಕುರ್ಚಿ ಸರಿಸಿ ವೇದಿಕೆಯ ಮೇಲೆ ಚಕ್ಕಳಮಕ್ಕಳ ಕೂತು, ಶಾಲು ಸರಿಪಡಿಸಿ, ನನ್ನನ್ನೂ ಎದುರಿಗೆ ಕೂರಿಸಿದರು. ನಾನು "ಸಭಿಕರೇ" ಎನ್ನುವ ಮೊದಲೇ ಅವರು ಮೋನಪ್ಪನಾಗಿ ಗುಡುಗಿದರು.

"ಎಲೈ ಲೇಖಕ! ಹಾರುವ ಮೊದಲು ಟ್ಯಾಂಕು ತುಂಬಿ ತುಳುಕುತ್ತಿತ್ತು ಎಂದು ಬರೆದವನು ನೀನಲ್ಲವೇ? ಎಂಟು ಪುಟ ದಾಟುವಷ್ಟರಲ್ಲಿ ಮುಗಿಯಿತಂತೆ. ಅದಾವ ಬಂಕಿನ ಪೆಟ್ರೋಲಯ್ಯಾ?"

ಸಭೆ ಹೋ ಎಂದಿತು. "ಅದು... ಪೆಟ್ರೋಲ್ ಅಲ್ಲ, ಮನುಷ್ಯನ ಬರಿದಾಗುವಿಕೆಯ ಸಂಕೇತ" ಎಂದೆ.

"ಭಲೇ! ಸಂಕೇತದಿಂದ ಇಂಜಿನ್ ನಿಲ್ಲುವುದಾದರೆ ಸಂಕೇತದಿಂದಲೇ ಓಡಲಿ!"

"ವೀರನಿಗೆ ಸಾವಿನ ಭಯವೇ?" ಎಂದು ನಾನೂ ಏರುದನಿ ಹಿಡಿದೆ. ಈ ಪ್ರಶ್ನೆಗೆ ನನಗೂ ಚಪ್ಪಾಳೆ ಬಿತ್ತು; ಸರಸು ಒಪ್ಪುವುದಿಲ್ಲ.

"ಸಾಯಲು ನಾನು ಸಿದ್ಧ. ಸತ್ತೆ ಎಂದಾದರೂ ಹೇಳು! ನನ್ನನ್ನು ಆಕಾಶದಲ್ಲಿ ನಿಲ್ಲಿಸಿ ನೀನು ಮನೆಗೆ ಹೋಗಿ ಗಂಜಿ ಉಂಡೆ. ನನಗೂ ಹಸಿವಿಲ್ಲವೇ?"

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದುನಿಂತರು. "ನಮ್ಮ ಊರಿನ ಹುಡುಗ. ಒಮ್ಮೆ ಇಳಿಸಿಬಿಡಿ ಮೇಷ್ಟ್ರೇ, ಕಾಲು ನೆಲಕ್ಕೆ ತಾಗಿದರೆ ಸಾಕು."

ಅಜ್ಜಿಯ ಕಣ್ಣಲ್ಲಿ ನೀರಿತ್ತು. ಹೊಸತನದ ಬಗ್ಗೆ ನಾನು ಓದಿದ್ದ ಒಂದು ಪುಸ್ತಕವೂ ಆ ಗಳಿಗೆಯಲ್ಲಿ ನೆರವಿಗೆ ಬರಲಿಲ್ಲ. ನಾನು ಎದ್ದೆ. ಅರ್ಧಕ್ಕೆ ನಿಂತ ವಾಕ್ಯವನ್ನು ಹಿಡಿದು ಬಾಯಲ್ಲೇ ಮುಂದುವರಿಸಿದೆ. ಇಂಜಿನ್ ನಿಂತಿತು, ಆ ಸುದ್ದಿಯನ್ನು ರೆಕ್ಕೆಗೆ ಯಾರೂ ಹೇಳಲಿಲ್ಲ. ಮೋನಪ್ಪ ಹದ್ದಿನ ಹಾಗೆ ಸುತ್ತು ಸುತ್ತಿ ಇಳಿದ. ಮರಳಿನಲ್ಲಿ ಎರಡು ಸಲ ಪುಟಿದು ವಿಮಾನ ನಿಂತಿತು. ಸಭೆಯೂ ಎದ್ದು ನಿಂತಿತು. ರೈಗಳು ನನ್ನ ಕೈ ಹಿಡಿದು, "ಈಗ ಪ್ರಸಂಗ ಮುಗಿಯಿತು ನೋಡಿ" ಎಂದರು.

ಮೋನಪ್ಪನನ್ನು ಇಳಿಸಿದ ನನ್ನ ಮಾತುಗಳನ್ನು ಐತಪ್ಪ ಚೀಟಿಯಾಗಿ ಅಚ್ಚು ಹಾಕಿದ. ಸರಸು ಮೈದಾ ಅಂಟು ಕಾಯಿಸಿದಳು. ಪ್ರತಿ ಪುಸ್ತಕಕ್ಕೂ ಅಂಟಿಸಿದೆವು. ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರು ನನ್ನನ್ನು ತಡೆದು, "ಮೋನಪ್ಪ ಇಳಿದ ಪುಸ್ತಕ ಉಂಟಾ?" ಎಂದು ಕೇಳತೊಡಗಿದರು. ಎರಡೇ ತಿಂಗಳಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ.

ಆ ರೆಕ್ಕೆಯ ವಾಕ್ಯವನ್ನು ಓದುಗರು ಇಂದಿಗೂ ನನಗೇ ಹೇಳಿ ತೋರಿಸುತ್ತಾರೆ. ಅದನ್ನು ರೈಗಳು ಶಾಲು ಸರಿಪಡಿಸುವ ನೆಪದಲ್ಲಿ ಬಗ್ಗಿ ನಿಮ್ಮ ಕಿವಿಯಲ್ಲಿ ಹೇಳಿದ್ದು ಎನ್ನುತ್ತಾಳೆ ಸರಸು. ನನಗೆ ಹಾಗೆ ನೆನಪಿಲ್ಲ. ಎರಡನೆಯ ಮುದ್ರಣದ ಮುನ್ನುಡಿಯಲ್ಲಿ, "ಮೊದಲ ಪುಟದಿಂದಲೇ ನಾನು ಕಾದಂಬರಿಯನ್ನು ಈ ವಾಕ್ಯದ ಕಡೆಗೆ ನಡೆಸಿಕೊಂಡು ಬಂದಿದ್ದೇನೆ" ಎಂದು ಬರೆದೆ. ಪ್ರೂಫಿನಲ್ಲಿ ಅದನ್ನು ಮೂರು ಸಲ ತಿದ್ದಿ ಓದಿದ ಮೇಲೆ, ಎಷ್ಟು ದೂರಾಲೋಚನೆ ನನ್ನದು ಎಂದು ನನಗೇ ಆಶ್ಚರ್ಯವಾಯಿತು.