ಡ್ರಿಲ್ ಮಾಸ್ತರ ಮನಿಗೆ ಟಿವಿ ಬಂತು

ಊರಿಗೆಲ್ಲಾ ಒಂದು ಆದ್ರ ನನಗೊಂದು ಆಗತೈತಿ. ಯಾಕಂತ ಇವತ್ತಿಗೂ ತಿಳಿದಿಲ್ಲ. ಬಳ್ಳಾರ್‍ಯಾಗ ನಾನು ಡ್ರಿಲ್ ಮಾಸ್ತರ. ಸೀಟಿ ಊದಿದ್ರ ಇಡೀ ಸಾಲಿ ಎದ್ದು ನಿಲ್ತಿತ್ತು. ಸತ್ಯನಾರಾಯಣಪೇಟ್ಯಾಗಿನ ನನ್ನ ಮನ್ಯಾಗ ಮಾತ್ರ ಮಗ, ಮಗಳು ಇಬ್ಬರೂ ಅಲುಗತಿರಲಿಲ್ಲ.

೧. ಲಕ್ಷ್ಯ

ಎಂಬತ್ತರ ದಶಕ. ಸಿರುಗುಪ್ಪದ ನಮ್ಮ ಮಾವ, ಭತ್ತ ಚಲೋ ಬಂತಂತ ಮೊಮ್ಮಕ್ಕಳಿಗೆ ಟಿವಿ ಕೊಡಿಸಿದ್ರು. ಅದರಾಗ ಬರೋದೆಲ್ಲಾ ಹಿಂದಿ. ನಮ್ಮನ್ಯಾಗ ಹಿಂದಿ ಯಾರಿಗೂ ಬರಂಗಿಲ್ಲ. ಆದ್ರೂ ಹುಡುಗ್ರು ವಾರ್ತೆ ಸೈತ ಬಿಡಲಿಲ್ಲ.

"ಏನು ಹೇಳಾಕ ಹತ್ಯಾನಲೇ ಅವ?" ಅಂತ ಮಗನ್ನ ಕೇಳಿದೆ.

"ಸುಮ್ನಿರಪ್ಪಾ! ಒಂದೂ ತಿಳಿಯಾಕ ಹತ್ತಿಲ್ಲ, ಅದಕ್ಕ ಲಕ್ಷ್ಯ ಕೊಟ್ಟು ನೋಡಾಕ ಹತ್ತೀನಿ" ಅಂದ.

ಸುದ್ದಿ ಹೆಡ್ ಮಾಸ್ತರ ಕಿವಿಗೂ ಬಿತ್ತು. "ಏನ್ರಿ, ಊರ ಹುಡುಗ್ರನ್ನ ಓಡಸ್ತೀರಿ, ನಿಮ್ಮ ಹುಡುಗ್ರು ಕುಂತಲ್ಲೇ ಬೇರು ಬಿಟ್ಟಾರಂತ?" ಅಂದ್ರು. ನನಗ ಮೈ ಉರೀತು. "ಸಾಲಿ ಆಟೋಟದ ದಿನ ಅಪ್ಪ-ಮಗನ ಓಟ ನಾವು ಗೆಲ್ಲಲಿಲ್ಲಂದ್ರ ಟಿವಿ ವಾಪಸ್ ಸಿರುಗುಪ್ಪಕ್ಕ!" ಅಂದುಬಿಟ್ಟೆ.

ಮನ್ಯಾಗ ಹೆಂಡತಿ, "ನಮ್ಮಪ್ಪ ಕೊಟ್ಟ ಟಿವಿ ಮ್ಯಾಲೆ ಪಣ ಕಟ್ಟಾಕ ನೀವ್ಯಾರು?" ಅಂದ್ಲು. ನಾನ್ಯಾರು ಅಂತ ನನಗೂ ಹೊಳೀಲಿಲ್ಲ.

೨. ಆಟ

ಕುರುಗೋಡಿನ ನನ್ನ ತಂಗಿ ಮನ್ಯಾಗ ಟಿವಿ ಇರಲಿಲ್ಲ. ದಸರಾ ರಜಾಕ್ಕ ಹುಡುಗ್ರನ್ನ ಅಲ್ಲಿ ಬಿಟ್ಟೆ. "ಇವ್ರು ಏನರ ಅನ್ಲಿ, ದಿನಾ ಸಂಜಿಕ ಆಟಕ್ಕ ಕಳಿಸು" ಅಂತ ತಂಗಿಗೆ ಹೇಳಿ ಬಂದೆ.

ರಜಾ ಮುಗಿದು ಹೋಗಿ ನೋಡಿದ್ರ ಇಬ್ಬರೂ ದುಂಡಗಾಗ್ಯಾರ! "ಆಟಕ್ಕ ಕಳಿಸಿದ್ದಿಲ್ಲೇನವಾ?" ಅಂದೆ.

"ಅಯ್ಯ ಅಣ್ಣಾ, ಒಂದಿನಾನೂ ತಪ್ಪಿಸಿಲ್ಲ! ಕೈಯಾಗ ಶೇಂಗಾ ಕೊಟ್ಟು ಕಳಿಸೇನಿ. ಊರಾಗ ಟೆಂಟ್ ಟಾಕೀಸು ಬಂದೈತಲ್ಲ. ದಿನಾ ಒಂದಾಟ, ಐತಾರ ಎರಡೂ ಆಟ ನೋಡ್ಯಾರ!"

೩. ಬಂತೇನು?

ಆಟೋಟ ಹತ್ತಿರ ಬಂತು. ಸಂಜಿಕ ಮಗನ್ನ ಓಡಸಬೇಕು ಅನ್ನೋದ್ರಾಗ ಟಿವಿ ತುಂಬ ಚುಕ್ಕಿ ಬೀಳ್ತಿತ್ತು. ಮಾಳಿಗಿ ಮ್ಯಾಲಿನ ಆಂಟೆನಾ ತಿರುಗಸಾಕ ಯಾರು ಹೋಗಬೇಕು? ನಾನೇ. ಮ್ಯಾಲೆ ನಿಂತು "ಬಂತೇನು?" ಅಂತ ಒದರತಿದ್ದೆ.

"ಇಲ್ಲ... ಇಲ್ಲ... ಬಂತು! ಅಪ್ಪಾ, ಬಂತು!" ಅಂತ ಮಗ ಕೆಳಗಿಂದ ಕೂಗ್ತಿದ್ದ. ಎರಡೂ ಕೈ ಮ್ಯಾಲೆತ್ತಿ ಆಂಟೆನಾ ಹಿಡಿದು ಅಲ್ಲೇ ಗಪ್ಪನ ನಿಲ್ತಿದ್ದೆ. ಕೈ ಬಿಟ್ರ ಹೋಗ್ತಿತ್ತು. ಕೆಳಗ ಇಳಿದ್ರ ಮತ್ತ ಹೋಗ್ತಿತ್ತು. ಮತ್ತ ಹತ್ತತಿದ್ದೆ. ಹುಡುಗ್ರು ಕುಂತ್ರು, ನಾನು ಇಳದೆ, ಹತ್ತಿದೆ. ವ್ಯಾಯಾಮ ಯಾರಿಗೆ ಹೇಳಿದ್ದೆ ಅನ್ನೋದೇ ಮರೆತುಹೋತು.

೪. ಬಂತು!

ಓಟದ ದಿನ ಬಂತು. ಅರ್ಧ ಮೈದಾನ ಮಗ ಓಡಿ ನನ್ನ ಕೈಯಾಗ ಕರ್ಚೀಪು ಕೊಡಬೇಕು, ಉಳಿದದ್ದು ನಾನು ಓಡಬೇಕು. ಟಿವಿ ಹೋಗತೈತಿ ಅನ್ನೋ ಹೆದರಿಕಿಗೆ ಮಗ ಓಡಿದ ನೋಡ್ರಿ! ಆ ಓಟ ನಾನು ಕಲಿಸಿದ್ದಲ್ಲ. ಎಲ್ಲಾರಗಿಂತ ಮೊದಲು ಬಂದು ಕರ್ಚೀಪು ಕೊಟ್ಟ. ಮೆಟ್ಟಲಾ ಹತ್ತಿ ಇಳಿದ ನನ್ನ ಕಾಲೂ ಹಾರಾಕ ಹತ್ತಿದ್ವು. ಹಿಂದ ಹತ್ತಿರ ಯಾರೂ ಇಲ್ಲ. ಗೆರಿ ಎರಡು ಹೆಜ್ಜಿ ಅಷ್ಟ. ಖುಷೀಲೆ ನನ್ನ ಕಣ್ಣು ತುಂಬಿ ಬಂದ್ವು.

ಗೆರಿ ಬಂತು ಅಂತ ಮಗ ಹಿಂದಿಂದ ಜೀವ ಬಿಟ್ಟು ಒದರಿದ: "ಅಪ್ಪಾ, ಬಂತು! ಬಂತು!"

ನಾನು ಎರಡೂ ಕೈ ಮ್ಯಾಲೆತ್ತಿ ಅಲ್ಲೇ ಗಪ್ಪನ ನಿಂತುಬಿಟ್ಟೆ.

ಎಲ್ಲಾರೂ ನನ್ನ ದಾಟಿ ಹೋದ್ರು. ಹೆಡ್ ಮಾಸ್ತರು ಬಂದು, "ಏನ್ರಿ ಇದು, ಯಾರಿಗೆ ಶರಣಾದ್ರಿ?" ಅಂದ್ರು. ಆಗ ನಾನು ಕೈ ಇಳಿಸಿದೆ.

ಮಾತು ಮಾತೇ. ಮರುದಿನ ಟಿವಿಗೆ ಗೋಣಿಚೀಲ ಸುತ್ತಿ, ಸಿರುಗುಪ್ಪದ ಬಸ್ಸಿಗೆ ಒಯ್ಯಾಕ ಎತ್ತಿದೆ. ಹುಡುಗ್ರು ಅಳಾಕ ಹತ್ತಿದ್ರು. ಆಂಟೆನಾನೂ ಬಿಚ್ಚಬೇಕಂತ ಮಾಳಿಗಿ ಕಡೆ ಹೊಂಟೆ. ಹೆಂಡತಿ ಅಡ್ಡ ಬಂದ್ಲು.

"ಟಿವಿ ಬೇಕಾದ್ರ ಒಯ್ರಿ. ಆಂಟೆನಾ ಇರ್ಲಿ ಬಿಡ್ರಿ. ಮನ್ಯಾಗ ಒಬ್ಬರಿಗರ ವ್ಯಾಯಾಮ ಬ್ಯಾಡೇನು?"